ಬೆರೆಸದ ನೀರು

ನನ್ನ ಮಗಳಿಗೆ ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಗೀಸರಿನ ಸಂಗತಿ ಹೇಳುತ್ತಾ ಹೇಳುತ್ತಾ ನಡುನಡುವೆ ಇದನ್ನೇ ಹೇಳಿ ನಿಮ್ಮ ತಲೆ ತಿಂದೇನು. ಮದುವೆಯಾಗಿ ಎಷ್ಟೋ ವರ್ಷ ಕಾದು, ಇದ್ದಬದ್ದ ದೇವರಿಗೆಲ್ಲ ಹೇಳಿಕೊಂಡು, ಡಾಕ್ಟರರಿಗೂ ತೋರಿಸಿ, ಇನ್ನು ಸಾಕು ಎಂದು ಮಗಳೇ ಕೈಬಿಟ್ಟ ಮೇಲೆ ಬಂದ ಮಗು. ಕುಂದಾಪುರದ ಆಸ್ಪತ್ರೆಯಲ್ಲಿ ನರ್ಸಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಕೈಗೆ ಕೊಟ್ಟಾಗ ನನಗೆ ಎಂತ ಮಾಡುವುದೆಂದೇ ತಿಳಿಯಲಿಲ್ಲ. ಪಕ್ಕದಲ್ಲಿ ನಿಂತಿದ್ದ, ಯಾವ ಊರಿನವಳೋ ಏನೋ, ಒಬ್ಬ ಹೆಂಗಸಿನ ತೋಳು ಹಿಡಿದು ಎಳೆದು, ಮೂಗು ನೋಡಿ, ಮೂಗು ನೋಡಿ ಎಂದೆನಂತೆ. ಆ ಹೆಂಗಸು ಪಾಪ ನೋಡಿ, ಚೆಂದ ಇದೆ ಎಂದಳಂತೆ. ಇದು ನನಗೆ ನೆನಪಿಲ್ಲ. ನಮ್ಮ ಮನೆಯವರು ಬಂದಬಂದವರಿಗೆಲ್ಲ ಹೇಳಿ ನಗುತ್ತಾರೆ. ನಗಲಿ.

ನಮ್ಮ ಮನೆ ತಲ್ಲೂರಿನಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನ ತನಕ. ಬರೆಯಲು ಕೂತರೆ ಅಕ್ಷರಕ್ಕಿಂತ ಮಾತು ಮುಂದೆ ಓಡುತ್ತದೆ. ಆದರೆ ಮಕ್ಕಳನ್ನು ಮೀಯಿಸುವುದಕ್ಕೆ ನನಗೆ ಯಾರ ಪಾಠವೂ ಬೇಕಾಗಿರಲಿಲ್ಲ. ನನ್ನ ಮಕ್ಕಳನ್ನು ಮೀಯಿಸಿದ್ದೇನೆ, ನಾದಿನಿಯರ ಮಕ್ಕಳನ್ನು ಮೀಯಿಸಿದ್ದೇನೆ, ಆಚೆಮನೆಯ ಅವಳಿಗಳನ್ನೂ ಮೀಯಿಸಿದ್ದೇನೆ. ಬಚ್ಚಲಲ್ಲಿ ಮಣೆ ಹಾಕಿ ಕೂತು, ಕಾಲು ನೀಡಿ, ಎಣ್ಣೆ ಹಚ್ಚಿದ ಮಗುವನ್ನು ಕಣಕಾಲಿನ ಮೇಲೆ ಕವುಚಿ ಮಲಗಿಸಿದರೆ, ಅದರ ಎದೆ ಡಬಡಬ ಬಡಿಯುವುದು ನಮ್ಮ ಕಾಲಿಗೇ ಗೊತ್ತಾಗುತ್ತದೆ. ಆ ಸುಖ ಹೇಳಿ ಮುಗಿಯುವುದಲ್ಲ. ಮಗಳಿಗೆ ತಿಂಗಳು ನಿಂತಿದೆ ಎಂದು ತಿಳಿದ ದಿನದಿಂದ ನಾನು ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕಲು ಶುರುಮಾಡಿದೆ. ಕೂತವಳಿಗೆ ಏಳಲು ಬರಬೇಕಲ್ಲ. ನನ್ನ ಆಸೆ ಅದೊಂದೇ. ಈ ಮಗುವನ್ನು ನನ್ನ ಕಾಲಿನ ಮೇಲೆ ಹಾಕಿಕೊಂಡು ನಾನೇ ಮೀಯಿಸಬೇಕು.

ಮಗಳಿಗೆ ಆಪರೇಷನ್ ಮಾಡಿ ಹೆರಿಗೆ ಮಾಡಿಸಿದ್ದು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಅಂಗಳ ದಾಟಿ ಹಳೇ ಬಚ್ಚಲಿಗೆ ಹೋಗುವ ಹಾಗಿರಲಿಲ್ಲ. ಅಲ್ಲಿ ಹಂಡೆ ಇದೆ, ಒಲೆ ಇದೆ, ಒಲೆಗೆ ತುರುಕಲು ಬೇಕಾದಷ್ಟು ತೆಂಗಿನ ಸಿಪ್ಪೆ ಇದೆ, ಜೊತೆಗೆ ಹೊಗೆಯೂ ಇದೆ. ಎಳೇ ಮಗುವಿಗೆ ಹೊಗೆ ಬೇಡ ಎಂದು ಡಾಕ್ಟರರು ಖಡಾಖಂಡಿತ ಹೇಳಿದ್ದರು. ಹಾಗಾಗಿ ನಮ್ಮ ಮನೆಯವರು ಮಗಳ ಕೋಣೆಗೆ ತಾಗಿ ಹೊಸ ಬಚ್ಚಲು ಕಟ್ಟಿಸಿ, ಗೋಡೆಗೆ ಒಂದು ಗೀಸರ್ ಹಾಕಿಸಿದರು. ಬಿಳಿ ಬಣ್ಣ, ಹೊಟ್ಟೆ ಉಬ್ಬಿದ ಹಾಗೆ. ಅದರ ಅಡಿಯಲ್ಲಿ ತಿರುಗಿಸುವ ಒಂದು ಗುಂಡಿ, ಗುಂಡಿಯ ಸುತ್ತ ಮೂವತ್ತರಿಂದ ಎಪ್ಪತ್ತೈದರ ತನಕ ಗೆರೆ, ಪಕ್ಕದಲ್ಲಿ ಸಣ್ಣ ಕೆಂಪು ದೀಪ. ಕರೆಂಟಿನ ಕೆಲಸದವನು ಸ್ವಿಚ್ ಹಾಕಿ ತೋರಿಸಿ, ಕೆಂಪು ದೀಪ ಉರಿದರೆ ನೀರು ಕಾಯುತ್ತಾ ಇದೆ ಎಂದರ್ಥ ಎಂದು ಹೇಳಿ ಬೈಕು ಹತ್ತಿ ಹೋದ. ದೀಪ ಆರಿದರೆ ಎಂತ ಅರ್ಥ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಮ್ಮ ಅತ್ತೆಯ ಕಾಲದಿಂದ ಬಂದ ಒಂದು ಕ್ರಮವಿದೆ. ಬಾಳಂತಿ ಇರುವ ಮನೆಯಲ್ಲಿ ಬಚ್ಚಲೊಲೆ ಆರಬಾರದು. ಹಗಲಿಡೀ ಒಂದು ಕೊಳ್ಳಿಯಾದರೂ ಒಳಗೆ ಇರಬೇಕು. ಹಂಡೆಯಿಂದ ಒಂದು ಬಾಲ್ದಿ ತೆಗೆದರೆ ಒಂದು ಬಾಲ್ದಿ ಹೊಯ್ಯಬೇಕು. ಒಲೆ ತಣ್ಣಗಾದರೆ ಬಾಳಂತಿಗೆ ಶೀತ, ಮಗುವಿಗೆ ಹೊಟ್ಟೆನೋವು. ಅತ್ತೆ ಹೇಳಿದ್ದು, ನಾನು ನಡೆಸಿದ್ದು, ಯಾರಿಗೂ ಏನೂ ಆಗದೆ ಎಲ್ಲರೂ ದೊಡ್ಡವರಾದದ್ದು.

ಈಗ ನೋಡಿ. ಮಗು ಮನೆಗೆ ಬಂದ ದಿನ ನಾನು ಗೀಸರಿನ ಸ್ವಿಚ್ ಹಾಕಿದೆ. ಕೆಂಪು ದೀಪ ಉರಿಯಿತು. ಕೈ ಮುಗಿದೆ. ಸ್ವಲ್ಪ ಹೊತ್ತು ಬಿಟ್ಟು ಬಂದು ನೋಡಿದರೆ ದೀಪ ಆರಿದೆ! ಮಗು ಬಂದ ದಿನವೇ ಬೆಂಕಿ ಆರುವುದೆಂದರೆ ಎಂತ. ಮಣೆ ಹತ್ತಿ ನಿಂತು ಗುಂಡಿಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿದೆ. ದೀಪ ಹತ್ತಿತು. ಅಬ್ಬ ಎನಿಸಿತು. ಮತ್ತೆ ಆರಿತು. ಮತ್ತೆ ತಿರುಗಿಸಿದೆ. ಹೀಗೆ ತಿರುಗಿಸುತ್ತಾ ತಿರುಗಿಸುತ್ತಾ ಮುಂದೆ ಹೋಗಲು ಗೆರೆಯೇ ಇಲ್ಲ ಎನ್ನುವಲ್ಲಿಗೆ ಬಂದು ಮುಟ್ಟಿದೆ. ಅಲ್ಲಿಯೂ ಆರಿತು. ಆಗ ನನಗೆ ಹಂಡೆಯ ಕ್ರಮ ನೆನಪಾಯಿತು. ಒಂದು ಬಾಲ್ದಿ ಬಿಸಿನೀರು ತೆಗೆದೆ. ಟಾಂಕಿಯಿಂದ ತಣ್ಣೀರು ತಾನಾಗಿ ಒಳಗೆ ಹೋಯಿತು. ಕೆಂಪು ದೀಪ ಪಕ್ಕನೆ ಹತ್ತಿತು. ಗೊತ್ತಾಯಿತಲ್ಲ ಗುಟ್ಟು, ಎಂದುಕೊಂಡೆ. ಆಮೇಲೆ ದೀಪ ಆರಿದಾಗಲೆಲ್ಲ ಒಂದೊಂದು ಬಾಲ್ದಿ ತೆಗೆಯುವುದು, ಮೋರಿಗೆ ಸುರಿಯುವುದು. ಬೆಳಗಿನಿಂದ ಸಂಜೆಯ ತನಕ ಅದೇ ಕೆಲಸ. ಮಗುವಿನ ಮನೆಯ ಬೆಂಕಿಯನ್ನು ಕಾಯುತ್ತಿದ್ದೇನೆ ಎಂಬ ಸಂತೋಷದಲ್ಲಿ ನನಗೆ ಸೊಂಟನೋವೂ ಗೊತ್ತಾಗಲಿಲ್ಲ.

ಹೊಸ ಬಚ್ಚಲಿನ ಮೋರಿ ಹಿತ್ತಲಿನ ಬಸಳೆ ಚಪ್ಪರದ ಬುಡಕ್ಕೆ ಹೋಗುತ್ತದೆ. ನಮ್ಮ ಕಡೆ ಎಲ್ಲರ ಮನೆಯಲ್ಲಿಯೂ ಹಾಗೆಯೇ, ಮಿಂದ ನೀರು ಬಸಳೆಗೆ. ಒಂದೆರಡು ದಿನದಲ್ಲಿ ನಮ್ಮ ಮನೆಯವರು ಹಿತ್ತಲಿನಿಂದ ಬಂದು, ಒಂದು ಬಸಳೆ ಬಳ್ಳಿ ಕೈಯಲ್ಲಿ ಹಿಡಿದು ನನ್ನೆದುರು ನಿಂತರು. ಬಳ್ಳಿ ಬೆಂದು ಮೆತ್ತಗಾಗಿ ಹಗ್ಗದ ಹಾಗೆ ನೇತಾಡುತ್ತಿತ್ತು.

"ಹ್ವಾಯ್, ಬಸಳೆನ ಚಪ್ಪರದಲ್ಲೇ ಬೇಯ್ಸೂಕೆ ಶುರು ಮಾಡ್ದ್ಯಾ? ಇನ್ನ್ ಕಾಯಿ ಕಡ್ದ್ ಅಲ್ಲೇ ಹೊಯ್ದ್ ಬಾ, ಹುಳಿ ಆತ್ತ್" ಎಂದರು.

ಬಸಳೆ ಮತ್ತೆ ಚಿಗುರುತ್ತದೆ ಎಂದುಕೊಂಡೆ.

ಆದರೆ ಅದೇ ಹೊತ್ತಿಗೆ ಬಚ್ಚಲಿನಿಂದ ಮಗಳು ಕೂಗಿಕೊಂಡಳು. ಮಗುವನ್ನು ಎಡಗೈಯಲ್ಲಿ ಅವುಚಿಕೊಂಡು, ಅದರ ಕುಂಡೆ ತೊಳೆಯಲೆಂದು ನಲ್ಲಿ ತಿರುಗಿಸಿದ್ದಾಳೆ. ಮೊದಲು ಬುಸ್ಸೆಂದು ಹಬೆ ಬಂದು, ಹಿಂದೆಯೇ ಕೊತಕೊತ ನೀರು ಅವಳ ಮಣಿಕಟ್ಟಿಗೆ ಹಾರಿದೆ. ಮಗುವಿಗೆ ಏನೂ ಆಗಿರಲಿಲ್ಲ, ದೇವರು ದೊಡ್ಡವನು. ಅವಳ ಕೈ ಕೆಂಪಾಗಿತ್ತು. ನಾನು ಓಡಿಹೋಗಿ ತಣ್ಣೀರಿನಲ್ಲಿ ಕೈ ಅದ್ದಿಸಿದೆ. ಅವಳು ಗೀಸರಿನ ಗುಂಡಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ಅಮ್ಮ, ಮಗುನ ನಾನೇ ಮೀಸ್ತೆ. ನೀ ಮೀಸೂದ್ ಬೇಡ" ಎಂದಳು. ಮೆಲ್ಲ ಸ್ವರದಲ್ಲಿಯೇ ಅಂದಳು.

ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದೆ, ತೊಳೆದದ್ದನ್ನೇ ತೊಳೆದೆ.

ಮಗಳ ಮನಸ್ಸು ಕಲ್ಲಲ್ಲ. ಮರುದಿನ ಅವಳೇ ಕರೆದು ಒಂದು ದಾರಿ ಹೇಳಿದಳು. ಆಸ್ಪತ್ರೆಯ ನರ್ಸಮ್ಮ ಹೇಳಿಕೊಟ್ಟ ಹಾಗೆ, ಮೊದಲು ಬಾಲ್ದಿಗೆ ತಣ್ಣೀರು ಬಿಡಬೇಕು, ಅದರ ಮೇಲೆ ಬಿಸಿನೀರು ಬಿಡಬೇಕು. ಆಗ ಅಪ್ಪಿತಪ್ಪಿಯೂ ಬರೀ ಬಿಸಿನೀರು ಮಗುವಿನ ಮೈಗೆ ಬೀಳುವುದಿಲ್ಲ. ಹಾಗೆ ಮಾಡುವುದಾದರೆ ನೀನೇ ಮೀಯಿಸು ಎಂದಳು. ಎಷ್ಟು ಸುಲಭದ ಮಾತು. ಆದರೆ ನಾನು ಆಗುವುದಿಲ್ಲ ಎಂದೆ. ಬಿಸಿಗೆ ತಣ್ಣೀರು ಬೆರೆಸುವುದೇ ಕ್ರಮ, ತಣ್ಣೀರಿಗೆ ಬಿಸಿನೀರು ಹೊಯ್ಯಬಾರದು ಎಂದೆ. ಯಾಕೆ ಎಂದು ಕೇಳಿದಳು. ಬಾರದು ಅಂದರೆ ಬಾರದು ಎಂದೆ. ಕಾರಣ ನನಗೆ ಗೊತ್ತಿಲ್ಲದೆ ಅಲ್ಲ. ತೊಟ್ಟಿಲಲ್ಲಿ ಮಗು ಮಲಗಿರುವಾಗ ಆ ಕಾರಣವನ್ನು ಬಾಯಿಬಿಟ್ಟು ಹೇಳಲು ನನಗೆ ಮನಸ್ಸಾಗಲಿಲ್ಲ. ಅಮ್ಮನಿಗೆ ಹಠ ಎಂದು ಅವಳು ತಿಳಿದಳು. ತಿಳಿಯಲಿ ಎಂದು ಸುಮ್ಮನಾದೆ.

ಅವಳು ಗುಂಡಿಯನ್ನು ತಿರುಗಿಸಿ ತೀರಾ ಕೆಳಗಿನ ಗೆರೆಗೆ ತಂದಿಟ್ಟಳು. ನಲ್ಲಿಯಲ್ಲಿ ಬರುವ ನೀರು ಬಿಸಿಯೂ ಅಲ್ಲ, ತಣ್ಣಗೂ ಅಲ್ಲ, ಬಾವಿಕಟ್ಟೆಯಲ್ಲಿ ಬಿಸಿಲಿಗಿಟ್ಟ ಕೊಡಪಾನದ ನೀರಿನ ಹಾಗೆ. ಅದನ್ನು ಪ್ಲಾಸ್ಟಿಕ್ ಟಬ್ಬಿಗೆ ತುಂಬಿಸಿ ಮಗುವನ್ನು ಇಳಿಸುವುದು. ತುಂಬಿಸುವಷ್ಟರಲ್ಲಿ ಇದ್ದ ಚೂರು ಬಿಸಿಯೂ ಹೋಗಿರುತ್ತಿತ್ತು. ಧನುರ್ಮಾಸದ ಬೆಳಗು ಬೇರೆ, ಹೊಳೆಯ ಕಡೆಯಿಂದ ಗಾಳಿ. ಮಗು ನೀರು ಮುಟ್ಟಿದ ಕೂಡಲೇ ಕಿರುಚಲು ಶುರುಮಾಡಿದರೆ ಬಟ್ಟೆ ಸುತ್ತಿದ ಮೇಲೂ ನಿಲ್ಲಿಸುತ್ತಿರಲಿಲ್ಲ. ಗಲ್ಲ ಗಡಗಡ ನಡುಗುತ್ತಿತ್ತು. ನಾನು ಬಾಗಿಲ ಹೊರಗೆ ಟವೆಲ್ ಹಿಡಿದು ನಿಂತಿರುತ್ತಿದ್ದೆ. ಒಳಗೆ ಮಗುವೂ ಅಳುತ್ತಿತ್ತು, ಮಗಳ ಮೂಗು ಸೊರಸೊರ ಎನ್ನುವುದೂ ಕೇಳುತ್ತಿತ್ತು. ನನ್ನ ಕಾಲು ನಿಂತಲ್ಲೇ ನೋಯುತ್ತಿತ್ತು.

ಅಳಿಯನಿಗೆ ಬೈಂದೂರಿನಲ್ಲಿ ಹೋಟೆಲು. ಮಧ್ಯಾಹ್ನದ ಊಟದ ಗಲಾಟೆ ಮುಗಿಸಿ, ಸಂಜೆಯ ಚಾದ ಗಿರಾಕಿ ಬರುವುದರೊಳಗೆ, ಮರವಂತೆ ದಾಟಿ ಗಾಡಿ ಬಿಟ್ಟುಕೊಂಡು ಮಗುವನ್ನು ನೋಡಲು ಬರುತ್ತಾನೆ. ಬರುವಾಗ ಒಂದು ಪೊಟ್ಟಣ ಬನ್ಸ್ ತರುತ್ತಾನೆ, ನಮ್ಮ ಮನೆಯಲ್ಲಿ ಊಟವನ್ನೂ ಮಾಡುತ್ತಾನೆ. ಒಂದು ದಿನ ಹಾಗೆಯೇ ಬಂದ. ಎಲೆ ಹಾಕಿ ಕೂತ ಕೂಡಲೇ ನಮ್ಮ ಮನೆಯವರು ಬಸಳೆಯ ಕಥೆ ಶುರುಮಾಡಿದರು. ಅಳಿಯ ಅನ್ನ ಕೈಯಲ್ಲಿ ಹಿಡಿದುಕೊಂಡೇ ನಕ್ಕ. ನಕ್ಕು, ದೀಪ ಆರಿದರೆ ನಿಮಗೆ ಎಂತ ಕಷ್ಟ ಅತ್ತೆ ಎಂದು ಕೇಳಿದ. ನಾನು ಒಲೆಯ ಕ್ರಮವನ್ನು ಹೇಳಿದೆ. ಆಗ ಅವನು ನಗಲಿಲ್ಲ.

"ದೀಪ ಹೋಯ್ತ್ ಅಂದ್ರೆ ಬೆಂಕಿ ಆರಿದ್ದಲ್ಲ ಅತ್ತೆ. ಅನ್ನ ಆಯ್ತ್, ಇನ್ನ್ ಬೆಂಕಿ ಎಳಿ ಅಂದ್ಹಾಂಗೆ" ಎಂದ. "ನೀವ್ ಹೇಳ್ದಷ್ಟ್ ಬಿಸಿ ಆದ್ ಕೂಡ್ಲೇ ಅದೇ ನಿಲ್ಸತ್ತ್. ಮತ್ತೆ ಅದ್ರಷ್ಟಕ್ಕೆ ಬಿಟ್ರೂ ತಣ್ಗಾತಾ ಬತ್ತ್, ಪುನಾ ಕಾಯ್ಸತ್ತ್. ಗಿರಾಕಿ ಇಲ್ದೆ ದಿನಪೂರ್ತಿ ಚಾ ಕುದಿಸ್ತಾ ಕೂತ್ರೆ ಎಂತಾತ್ತ್? ಚಾನೂ ಹಾಳ್, ಗ್ಯಾಸೂ ಹಾಳ್."

ಅನ್ನ ಆಗುವುದು ನನಗೆ ಗೊತ್ತಿದ್ದ ಸಂಗತಿ. ಬೆಂದ ಅನ್ನದ ಅಡಿಗೆ ನಾನೇನು ಕೊಳ್ಳಿ ತುರುಕುತ್ತೇನೆಯೇ. ಇಷ್ಟು ದಿನ ತುರುಕಿದ್ದೆನಲ್ಲ ಎಂದು ನನಗೂ ನಗು ಬಂತು.

ಹಾಗಾದರೆ ಗುಂಡಿ ಎಲ್ಲಿರಬೇಕು ಎಂಬ ಮಾತು ಬಂತು. ಮಗಳು ಕೆಳಗೇ ಇರಲಿ ಎಂದಳು. ಕೆಳಗಿದ್ದರೆ ಮಗು ನಡುಗುತ್ತದೆ ಎಂದು ನಾನು. ಮೇಲಿಟ್ಟು ಬೆರೆಸಿಕೊಳ್ಳುವ ಎಂದರೆ ಅಮ್ಮ ತಣ್ಣೀರನ್ನು ಮೊದಲು ಹಾಕುವುದಿಲ್ಲ, ಕಾರಣ ಕೇಳಿದರೆ ಹೇಳುವುದೂ ಇಲ್ಲ ಎಂದು ಅವಳು ಗಂಡನ ಹತ್ತಿರ ದೂರು ಹೇಳಿದಳು. ಅಳಿಯ ಎಲೆ ನೋಡುತ್ತಾ ಕೂತ.

"ನೀವೆಂತ ಬಾಯಿ ಮುಚ್ಕಂಡ್ ಕೂತದ್ದ್? ನೀವ್ ಅತ್ತೆ ಬದಿಯೇ ಅಲ್ದಾ?" ಎಂದು ಮಗಳು ಕೇಳಿದಳು.

"ನಿನ್ ಬದಿ ನಿಂತ್ರೆ ನಾಳೆ ನಂಗೆ ಈ ಮೀನ್ ಸಾರ್ ಯಾರ್ ಬಡಿಸ್ತ್ರ್?" ಎಂದ ಅಳಿಯ.

ಅಷ್ಟರಲ್ಲಿ ನಮ್ಮ ಮನೆಯವರು ಬಾಯಲ್ಲಿದ್ದ ತುತ್ತು ನುಂಗಿ, ಏನೂ ದೊಡ್ಡ ಸಂಗತಿಯಲ್ಲ ಎನ್ನುವ ಹಾಗೆ ಹೇಳಿಬಿಟ್ಟರು.

"ಅವ್ಳ್ ಎಂತಕ್ ಹೇಳ್ತ್ಲ್? ತಣ್ಣೀರಿಗೆ ಬಿಸ್ನೀರ್ ಹೊಯ್ದ್ ಮೀಸೂದ್ ಹೆಣಕ್ಕೆ. ನಮ್ಮಲ್ಲಿ ಅದೇ ಕ್ರಮ."

ನಾನು ಎದ್ದು ಹೋಗಿ ತೊಟ್ಟಿಲ ಹತ್ತಿರ ನಿಂತು ಮಗುವಿನ ಕಿವಿಯ ಮೇಲೆ ಬಟ್ಟೆ ಎಳೆದೆ. ಮಗಳು ನನ್ನನ್ನೇ ನೋಡುತ್ತಿದ್ದಳು.

"ಅಷ್ಟ್ ಹೇಳೂಕೆ ಎಂತ ಆಯ್ತ್ ಅಮ್ಮ ನಿಂಗೆ?"

"ಮಗು ಇಪ್ಪಲ್ಲಿ ಆ ಮಾತ್ ಹ್ಯಾಂಗ್ ಹೇಳೂದ್?"

"ಅದ್ಕೆ ಗೊತ್ತಾತ್ತಾ?"

"ನಂಗ್ ಗೊತ್ತಾತ್ತಲ್ದಾ" ಎಂದೆ.

ಮಗಳ ಮುಖ ಸಡಿಲವಾಯಿತು. ಆದರೂ ತನ್ನ ಕೆಂಪಾದ ಮಣಿಕಟ್ಟನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಹೆದರಿಕೆ ಎಂದರೆ ಹೆದರಿಕೆಯೇ, ಕ್ರಮ ಎಂದರೆ ಕ್ರಮವೇ. ಎರಡನ್ನೂ ಬಿಡಲು ಆಗುವುದಿಲ್ಲ. ಆಗ ಅಳಿಯ ಕೈ ತೊಳೆಯಲು ಏಳುತ್ತಾ ಹೇಳಿದ ಮಾತಿಗೆ ಈಗಲೂ ಅವನ ಬಾಯಿಗೆ ಸಕ್ಕರೆ ಹಾಕಬೇಕು ಎನಿಸುತ್ತದೆ.

"ಹಂಗಾರೆ ಬೆರ್ಸೂದೇ ಬೇಡ. ನಲ್ಲಿಂದ ಬಪ್ಪ ನೀರೇ ಮಗುಗೆ ಬೇಕಾದಷ್ಟ್ ಬಿಸಿ ಇರ್ಲಿ. ಯಾವ್ದ್ ಮೊದ್ಲ್, ಯಾವ್ದ್ ಮತ್ತೆ ಅಂಬ್ ಮಾತೇ ಇಲ್ಲ."

ಆ ಮಧ್ಯಾಹ್ನ ನಾವು ನಾಲ್ಕು ಜನ ಆ ಪುಟ್ಟ ಬಚ್ಚಲಲ್ಲಿ ನಿಂತದ್ದನ್ನು ಯಾರಾದರೂ ನೋಡಿದ್ದರೆ ಗೀಸರಿಗೆ ಪೂಜೆ ಎಂದುಕೊಳ್ಳಬೇಕಿತ್ತು. ಮೊದಲು ಗುಂಡಿಯನ್ನು ಐವತ್ತಕ್ಕೆ ಇಟ್ಟೆವು. ದೀಪ ಹೋದ ಮೇಲೆ ಬಾಲ್ದಿಗೆ ನೀರು ಬಿಟ್ಟೆವು. ನಾನು ಕೈ ಅದ್ದಿ, ಬೆಚ್ಚಗೆ ಹಿತವಾಗಿದೆ, ಇದೇ ಸಾಕು ಎಂದೆ. ಮಗಳು ಮೊಣಕೈ ಅದ್ದಿದವಳು ಹಾ ಎಂದು ತೆಗೆದುಬಿಟ್ಟಳು. ನನಗೆ ಆಶ್ಚರ್ಯ. ನಾನು ಮತ್ತೆ ಕೈ ಹಾಕಿದೆ, ಹಿತವಾಗಿಯೇ ಇತ್ತು.

"ಅವ್ಳ್ ಕೈ ಮಾತ್ ಕೇಂಬೇಡಿ" ಎಂದರು ನಮ್ಮ ಮನೆಯವರು. "ಆ ಕೈ ಒಲೆ ಮೇಲಿನ್ ಬಾಣ್ಲಿನ ಬಟ್ಟಿ ಇಲ್ದೆ ಇಳ್ಸತ್ತ್."

ಮಗಳು ನನ್ನ ಸೆರಗು ಸರಿಸಿ, ನನ್ನ ಮೊಣಕೈಯನ್ನೇ ಹಿಡಿದು ನೀರಿಗೆ ಅದ್ದಿಸಿದಳು. ಚುರ್ ಎಂದಿತು. ಅಂಗೈ ಸುಳ್ಳು ಹೇಳುತ್ತಿತ್ತು, ಮೊಣಕೈ ನಿಜ ಹೇಳಿತು. ಅಷ್ಟೂ ಮಕ್ಕಳನ್ನು ನಾನು ಅಂಗೈ ಅದ್ದಿಯೇ ಮೀಯಿಸಿದ್ದು. ಆಗ ನನ್ನ ಕೈ ಎಳೆಯದಿತ್ತು, ಈಗ ಒಲೆ ತಿಂದ ಕೈ. ಇದು ನನಗೆ ಹೊಳೆದೇ ಇರಲಿಲ್ಲ. ಮಗಳು ಹೆದರಿದ್ದು ಸುಮ್ಮನೆ ಅಲ್ಲ ಎಂದು ಆ ಮೊಣಕೈಗೆ ಗೊತ್ತಾಯಿತು.

ಕಾದ ನೀರನ್ನೆಲ್ಲ ತೆಗೆದು ಮಗುವಿನ ಬಟ್ಟೆ ನೆನೆಸಿದೆವು. ಗುಂಡಿ ನಲವತ್ತಕ್ಕೆ ಇಳಿಯಿತು. ನಲ್ಲಿಯ ಬಾಯಲ್ಲಿ ನೀರು ಸರಿ, ಆದರೆ ಬಾಲ್ದಿಗೆ ಬಿದ್ದು, ಚೊಂಬಿಗೆ ಬಂದು, ಮೊಣಕೈಗೆ ಹೊಯ್ಯುವಷ್ಟರಲ್ಲಿ ಆರಿಹೋಗುತ್ತಿತ್ತು. ಮತ್ತೆ ಒಂದು ಎಳ್ಳಿನಷ್ಟು ಮೇಲಕ್ಕೆ. ಕಾದೆವು. ದೀಪ ಹೋಯಿತು. ಚೊಂಬಿನಿಂದ ಮೊಣಕೈಗೆ ಹೊಯ್ದುಕೊಂಡೆವು, ಮೊದಲು ಮಗಳು, ಆಮೇಲೆ ನಾನು. ಇಬ್ಬರೂ ಒಂದೇ ಸಲ ತಲೆ ಆಡಿಸಿದೆವು. ಮಗುವಿಗೆ ದೃಷ್ಟಿಬೊಟ್ಟು ಇಡುವ ಕಾಡಿಗೆ ಕೈಗೆ ಸಿಕ್ಕಿತು. ಅದರಿಂದಲೇ ಗುಂಡಿಯ ಪಕ್ಕ ಆ ಜಾಗಕ್ಕೆ ಒಂದು ಬೊಟ್ಟು ಇಟ್ಟೆ. ಗೀಸರಿಗೂ ದೃಷ್ಟಿ ತಾಗುವುದು ಬೇಡ ಎಂದು ಅಳಿಯ ಹೇಳಿ, ಬೈಂದೂರಿನಲ್ಲಿ ಚಾದ ಹೊತ್ತಾಯಿತೆಂದು ಓಡಿದ.

ಮರುದಿನ ಬೆಳಗ್ಗೆ ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಸ್ವಿಚ್ ಹಾಕಿ, ಮಗುವನ್ನು ಚಾಪೆಯ ಮೇಲೆ ಮಲಗಿಸಿ ಎಣ್ಣೆ ಹಚ್ಚಲು ಕೂತೆ. ಕೈ, ಕಾಲು, ಬೆನ್ನು, ತೊಡೆಯ ಸಂದು. ಎಣ್ಣೆ ಮೈಗೆ ಹಿಡಿಯುವ ಹೊತ್ತಿಗೆ ನೀರೂ ಕಾದಿತ್ತು. ದಿನವಿಡೀ ಕಾಯಿಸುವ ಅಗತ್ಯವೇ ಇಲ್ಲ, ಒಂದು ಎಣ್ಣೆಯ ಹೊತ್ತು ಸಾಕು. ಸ್ವಿಚ್ ತೆಗೆದು ಬಾಲ್ದಿ ತುಂಬಿಸಿ, ಮಣೆ ಹಾಕಿ ಕೂತು ಕಾಲು ನೀಡಿದೆ. ಮಗಳು ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಒಮ್ಮೆ ಬಗ್ಗಿ ಬಾಲ್ದಿಗೆ ಮೊಣಕೈ ಅದ್ದಿ ನೋಡಿದಳು. ನೋಡಲಿ ಎಂದು ನಾನೂ ಕಾದೆ. ಆಮೇಲೆ ಅವಳು ಮಗುವನ್ನು ತಂದು ನನ್ನ ಕಾಲಿನ ಮೇಲೆ ಕವುಚಿ ಮಲಗಿಸಿದಳು.

ಅಯ್ಯೋ, ಆ ಭಾರ. ಭಾರವೇ ಇಲ್ಲದ ಭಾರ. ಎಣ್ಣೆ ಜಾರುವ ಬೆನ್ನು, ನನ್ನ ಕಾಲಿನ ಮೂಳೆಗೆ ತಾಗಿ ಬಡಿಯುವ ಎದೆ. ಮೊದಲ ಚೊಂಬು ಹೊಯ್ದೆ. ಮಗು ಒಮ್ಮೆ ಉಸಿರು ಎಳೆದುಕೊಂಡಿತು, ಅಳಲು ಬಾಯಿ ತೆರೆಯಿತು, ಎರಡನೇ ಚೊಂಬು ಬಿದ್ದ ಮೇಲೆ ಯಾಕೆ ಅಳಬೇಕು ಎಂದು ಮರೆತ ಹಾಗೆ ಬಾಯಿ ಮುಚ್ಚಿತು. ಹೆಸರುಹಿಟ್ಟು ಹಚ್ಚಿ ಮೆಲ್ಲಗೆ ತಿಕ್ಕಿದೆ. ನೀರು ಹೊಯ್ದಷ್ಟೂ ಅದರ ಮುಷ್ಟಿ ಬಿಚ್ಚುತ್ತಾ ಬಂತು. ಮಗುಚಿ ಹಾಕಿದರೆ ಕಣ್ಣು ಅರ್ಧ ಮುಚ್ಚಿ ಚಾವಣಿ ನೋಡುತ್ತಿತ್ತು, ಊಟ ಆದ ದೊಡ್ಡ ಯಜಮಾನರ ಹಾಗೆ. ಅದೇ ಹೊತ್ತಿಗೆ ನನ್ನ ಮೊಣಕಾಲಿನ ಮೇಲೆ ಇನ್ನೊಂದು ಬಿಸಿನೀರು ಹರಿಯಿತು. ಅದಕ್ಕೆ ಯಾವ ಗೆರೆಯೂ ಬೇಕಾಗಲಿಲ್ಲ. ಮಗಳು ಗೋಡೆಗೆ ಒರಗಿ ನಕ್ಕದ್ದು ಹೆರಿಗೆಯಾದ ಮೇಲೆ ನಾನು ಕೇಳಿದ ಮೊದಲ ನಗು. ನಕ್ಕರೆ ಹೊಲಿಗೆ ನೋಯುತ್ತದೆ ಎಂದು ಹೊಟ್ಟೆ ಹಿಡಿದುಕೊಂಡೇ ನಗುತ್ತಿದ್ದಳು. ಟವೆಲಿನಲ್ಲಿ ಸುತ್ತುವಾಗಲೇ ಮಗುವಿಗೆ ನಿದ್ದೆ ಬಂದಿತ್ತು.

ಮಗುವನ್ನು ಅಜ್ಜನ ಕೈಗೆ ಕೊಟ್ಟು ಬಂದ ಮಗಳು ಕೋಣೆಗೆ ಹೋಗಲಿಲ್ಲ. ನಾನು ಇನ್ನೂ ಮಣೆಯಿಂದ ಏಳುವ ಪ್ರಯತ್ನದಲ್ಲಿದ್ದೆ. ಹೊಲಿಗೆ ಒಣಗಿದೆ, ತಲೆಗೆ ಮೀಯಬಹುದು ಎಂದು ಡಾಕ್ಟರರು ಅವಳಿಗೆ ಹಿಂದಿನ ವಾರವೇ ಹೇಳಿದ್ದರು. ಅವಳು ಮಾತ್ರ ದಿನಾ ಉಗುರು ಬೆಚ್ಚಗಿನ ನೀರಿನಲ್ಲಿ ಮೈ ಒರೆಸಿಕೊಂಡು ಸುಮ್ಮನಾಗುತ್ತಿದ್ದಳು. ಈಗ ಕೈ ಎತ್ತಿ, ಗೀಸರಿನ ಗುಂಡಿಯನ್ನು ತಾನೇ ತಿರುಗಿಸಿ ಅರವತ್ತಕ್ಕೆ ಇಟ್ಟಳು. ಸ್ವಿಚ್ ಹಾಕಿದಳು. ನಾನು ನೋಡುತ್ತಲೇ ಇದ್ದೆ.

"ಇಷ್ಟ್ ಬಿಸಿ ನಿಂಗ್ ಬೇಕಾ?" ಎಂದೆ.

"ಬಾಳಂತಿಗೆ ಬಿಸ್ನೀರ್ ಬೇಡ್ದಾ? ನೀನೇ ಬೆರ್ಸ್. ಬಿಸಿಗೇ ತಣ್ಣೀರ್ ಹಾಕ್, ನಿನ್ ಕ್ರಮದಂಗೆ. ನಿನ್ ಅಂಗೈ ಮಾತ್ ಮಾತ್ರ ಕೇಂಬೇಡ" ಎಂದಳು.

ನೀರು ಕಾಯುವ ತನಕ ಅವಳ ತಲೆಗೆ ಎಣ್ಣೆ ತಟ್ಟಿದೆ. ಅಷ್ಟು ವರ್ಷದ ಮೇಲೆ ಆ ತಲೆ ನನ್ನ ಕೈಗೆ ಸಿಕ್ಕಿದ್ದು. ಕೂದಲು ಉದುರುತ್ತಿದೆ, ಸರಿಯಾಗಿ ನಿದ್ದೆ ಇಲ್ಲ ಎಂದು ಏನೇನೋ ಹೇಳುತ್ತಾ ಕೂತಳು. ಬಿಸಿನೀರು ಬಿಟ್ಟು, ಅದಕ್ಕೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿದೆ. ಮೊದಲ ಚೊಂಬು ನೆತ್ತಿಗೆ ಬಿದ್ದಾಗ ಅವಳು ಹೆದರಿ ಭುಜ ಕುಗ್ಗಿಸಿದಳು. ಎರಡನೆಯದಕ್ಕೆ ಸಡಿಲಬಿಟ್ಟಳು.

"ಇನ್ನೂ ಹೊಯ್ಯಿ ಅಮ್ಮ" ಎಂದಳು.

ಹೊಯ್ದೆ.